ಸತ್ತ ಮೇಲೆ ಎಲ್ಲಿಗೆ? ಹಾಸನದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಓದುತ್ತೇವೆ. ವಿಷಯ ಒಂದೇ: ಸತ್ತ ಮೇಲೆ ಏನಾಗುತ್ತದೆ ಅಂತ ಯಾರ್ಯಾರು ಏನೇನು ಹೇಳಿದ್ದಾರೆ. ಹೊಸದಾಗಿ ಬರುವವರು, ಬರಲೋ ಬೇಡವೋ ಅಂತ ಅನುಮಾನಿಸುವವರು, ಬರುವವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಉಳಿದವರು ಎಲ್ಲದಕ್ಕೂ ತಲೆಯಾಡಿಸಿದ್ದಾರೆ ಅಂತಲ್ಲ.

ಓದೋಕೆ ಬೇರೆ ಏನೂ ಸಿಗಲಿಲ್ವಾ? ಇದು ನಿಮಗೆ ಹತ್ತಿದ್ದು ಹೇಗೆ?

ಒಂದು ಕಾರ್ಡಿನಿಂದ. ನಮ್ಮ ತಾತ ತೀರಿಕೊಂಡಾಗ ತಿಥಿ ಕಾರ್ಡು ಮಾಡಿಸಿದೆವು. ನಮ್ಮದು ನಾಮದ ಮನೆ, ಕಾರ್ಡಿನಲ್ಲಿ ‘ವೈಕುಂಠ ಸಮಾರಾಧನೆ’ ಅಂತ ಬರಬೇಕು. ಪ್ರೆಸ್ಸಿನವರು ಹಿಂದೆ ಮಾಡಿದ್ದ ಯಾರದೋ ಕಾರ್ಡಿನಲ್ಲಿ ಫೋಟೋ, ಹೆಸರು, ತಾರೀಕು ಮಾತ್ರ ಬದಲಾಯಿಸಿದ್ದರು. ‘ಶಿವಗಣಾರಾಧನೆ’ ಅನ್ನೋದು ಹಾಗೇ ಉಳಿದು ಮುನ್ನೂರು ಕಾರ್ಡು ಅಚ್ಚಾಗಿ ಬಂತು. ಚಿಕ್ಕಪ್ಪ ಕೆಂಡವಾದರು: ‘ನಮ್ಮಪ್ಪನ್ನ ಎಲ್ಲಿಗ್ಲಾ ಕಳಿಸ್ಬಿಟ್ರು ಇವ್ರು?’ ಮೂಲೆಯಲ್ಲಿ ಕೂತಿದ್ದ ಅಜ್ಜಿ, ‘ಎಲ್ಲಿದ್ರೂ ಚೆನ್ನಾಗಿರ್ಲಿ ಬಿಡ್ಲಾ’ ಅಂದಳು. ಕಾರ್ಡು ಮತ್ತೆ ಅಚ್ಚಾಯಿತು. ನನಗೆ ಮಾತ್ರ ಚಿಕ್ಕಪ್ಪನ ಪ್ರಶ್ನೆ ಉಳಿದುಹೋಯಿತು. ಒಂದು ಪದ ಬದಲಾದರೆ ಸತ್ತವರ ಊರೇ ಬದಲಾಗುತ್ತದಲ್ಲ, ಆ ಊರುಗಳು ಎಂಥವು?

ಎಲ್ಲಿಂದ ಶುರು ಮಾಡಲಿ?

ದಪ್ಪ ಪುಸ್ತಕದಿಂದ ಬೇಡ. ಪೇಪರಿನ ನಿಧನ ವಾರ್ತೆಯಿಂದ ಶುರು ಮಾಡಿ. ಕೈಲಾಸವಾಸಿ, ವೈಕುಂಠವಾಸಿ, ಲಿಂಗೈಕ್ಯ, ಶಿವಾಧೀನ, ದೈವಾಧೀನ, ಸ್ವರ್ಗಸ್ಥ, ಪ್ರಭುವಿನಲ್ಲಿ ನಿದ್ರಿಸಿದರು, ವಫಾತ್. ಸತ್ತರು ಅನ್ನೋಕೆ ಕನ್ನಡದ ಪೇಪರು ಇಷ್ಟು ದಾರಿ ಹುಡುಕುತ್ತದೆ. ಒಂದೊಂದು ಪದದ ಹಿಂದೆಯೂ ಒಂದೊಂದು ತತ್ವ ಕೂತಿದೆ. ‘ವಾಸಿ’ ಅಂದರೆ ಅಲ್ಲಿ ಹೋಗಿ ಮನೆ ಮಾಡಿಕೊಂಡಿದ್ದಾರೆ. ‘ಐಕ್ಯ’ ಅಂದರೆ ಮನೆ ಮಾಡೋಕೆ ಬೇರೆ ಆಸಾಮಿಯೇ ಉಳಿದಿಲ್ಲ. ‘ನಿದ್ರಿಸಿದರು’ ಅಂದರೆ ಒಂದು ದಿನ ಏಳುತ್ತಾರೆ. ಒಂದು ತಿಂಗಳು ಹೀಗೆ ಓದಿ, ಆಮೇಲೆ ಪುಸ್ತಕ ಹಿಡಿದರೆ ಅದು ಏನು ಹೇಳುತ್ತಿದೆ ಅನ್ನೋದು ತಾನೇ ತಿಳಿಯುತ್ತದೆ.

ಗರುಡ ಪುರಾಣ ಮನೆಯಲ್ಲಿಟ್ಟುಕೊಳ್ಳಬಹುದಾ? ನಮ್ಮತ್ತೆ ಬೈತಾರೆ.

ಅತ್ತೆಗೆ ಎದುರಾಡಬೇಡಿ, ನಮ್ಮಲ್ಲಿಗೆ ಬಂದು ಓದಿ. ಸೂತಕದ ದಿನಗಳಲ್ಲಿ ಅದರ ಪ್ರೇತ ಭಾಗವನ್ನು ಓದಿಸುವ ರೂಢಿಯಿರುವುದರಿಂದ ಬೇರೆ ದಿನ ತೆಗೆದರೆ ಅಪಶಕುನ ಅನ್ನುವ ಹೆದರಿಕೆ ಬೆಳೆದಿದೆ. ಅದೇ ಪುರಾಣದಲ್ಲಿ ರತ್ನ ಪರೀಕ್ಷೆ ಮಾಡುವುದು ಹೇಗೆ, ಯಾವ ರೋಗಕ್ಕೆ ಏನು ಮದ್ದು ಅನ್ನುವ ಅಧ್ಯಾಯಗಳೂ ಇವೆ. ಆ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ತಮಾಷೆಯೆಂದರೆ, ಭಾಗವತದ ಐದನೇ ಸ್ಕಂಧದಲ್ಲಿ 28 ನರಕಗಳ ಪಟ್ಟಿಯೇ ಇದೆ. ಅದನ್ನು ಮಾತ್ರ ಶಾಮಿಯಾನ ಹಾಕಿಸಿ, ಮೈಕ್ ಕಟ್ಟಿಸಿ ಸಪ್ತಾಹ ಮಾಡುತ್ತೇವೆ.

ನಮ್ಮ ಜಿಲ್ಲೆಯಲ್ಲೇ ನೋಡಿ ಕಲಿಯುವಂಥದ್ದು ಏನಾದರೂ ಇದೆಯಾ?

ಹೆಜ್ಜೆಗೊಂದಿದೆ. ಕೆರೆ ಏರಿ ಮೇಲೆ, ಬಸ್‌ಸ್ಟಾಪ್ ಪಕ್ಕ, ತೋಟದ ಬೇಲಿಯಲ್ಲಿ ಅರ್ಧ ಹೂತು ನಿಂತ ವೀರಗಲ್ಲು ನೋಡಿರುತ್ತೀರಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಎಷ್ಟೋ ಕಡೆ ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆದ ಜಗಳ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡು ಕಡೆ ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಹಾಳಾಗುವ ಮೈಗೆ ರಣದಲ್ಲಿ ಸಾಯುವ ಚಿಂತೆಯೇಕೆ ಅನ್ನುವ ಶ್ಲೋಕ ಇಂಥ ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಕರ್ಮದ ಲೆಕ್ಕವಿಲ್ಲ, ಯಮನ ವಿಚಾರಣೆಯಿಲ್ಲ. ಹೇಗೆ ಬದುಕಿದ್ದ ಅನ್ನುವುದಕ್ಕಿಂತ ಹೇಗೆ ಸತ್ತ ಅನ್ನುವುದೇ ಟಿಕೆಟ್ಟು. ಓದು ಬಾರದ ದನಗಾಹಿಗೂ ಅರ್ಥವಾಗಲಿ ಅಂತ ಚಿತ್ರದಲ್ಲೇ ಹೇಳಿದ್ದಾರೆ.

ಇದರ ಕೊನೆಯ ತುದಿ ನೋಡಬೇಕಾದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಕುವರ ಲಕ್ಷ್ಮನ ಸ್ತಂಭವಿದೆ. ಹೊಯ್ಸಳ ದೊರೆ ಎರಡನೇ ಬಲ್ಲಾಳನ ಗರುಡ ಅವನು, ಅಂದರೆ ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಆಣೆಯಿಟ್ಟ ಕಾವಲಿನವನು. ಒಡೆಯ ಸತ್ತ ಮೇಲೆ ತಾನೂ, ಹೆಂಡತಿಯೂ, ಜೊತೆಯವರೂ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ಕೈಯಿಂದ ತಮ್ಮ ತಲೆ ಕೊಯ್ದುಕೊಳ್ಳುವವರ ಶಿಲ್ಪಗಳಿವೆ. ಪ್ರವಾಸಿಗಳು ಗುಂಪುಗುಂಪಾಗಿ ದೇವಸ್ಥಾನದ ಗೋಡೆಯ ಆನೆ ಎಣಿಸುತ್ತಿರುತ್ತಾರೆ. ಈ ಕಂಬದ ಹತ್ತಿರ ನಾನು ಹೋದಾಗೆಲ್ಲ ಒಂದಿಬ್ಬರು ಇದ್ದರೆ ಹೆಚ್ಚು.

ಶಾಸನದ ಕೊನೆಯಲ್ಲಿ ಹುಳುವಾಗಿ ಹುಟ್ಟುತ್ತಾರೆ ಅಂತ ಬರೆದಿರೋದು ನಿಜವಾ?

ನಿಜ. ದಾನ ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿರುತ್ತಾನೆ ಅನ್ನುವ ಸಂಸ್ಕೃತ ಶ್ಲೋಕ ಎಷ್ಟೋ ದಾನಶಾಸನಗಳ ಕೊನೆಯಲ್ಲಿದೆ. ಪುನರ್ಜನ್ಮವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸಕ್ಕೆ ಹಚ್ಚಿದ್ದು ಅಂದರೆ ಇದೇ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು 450ರದ್ದು, ಅದರಲ್ಲೂ ದತ್ತಿ ಕೆಡಿಸಿದವರಿಗೆ ಮಹಾಪಾತಕ ಅಂತಿದೆ. ಕನ್ನಡದ ಅಷ್ಟು ಹಳೆಯ ಬರಹದಲ್ಲೂ ಪಾಪದ ಹೆದರಿಕೆ ತಪ್ಪಿಲ್ಲ.

ಶ್ರವಣಬೆಳಗೊಳದಲ್ಲಿ ಗೊಮ್ಮಟನ್ನ ನೋಡಿ ಬಂದಾಯ್ತು. ಇನ್ನೇನಿದೆ?

ನೀವು ಹತ್ತಿದ್ದು ದೊಡ್ಡಬೆಟ್ಟ. ನಮಗೆ ಬೇಕಾದ್ದು ಎದುರಿನ ಚಿಕ್ಕಬೆಟ್ಟ, ಚಂದ್ರಗಿರಿ. ಬೆಳಗೊಳದಲ್ಲಿ ಸಿಕ್ಕಿರುವ ಶಾಸನಗಳು 570ಕ್ಕೂ ಮಿಕ್ಕಿವೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಯವು. ನೂರಾರು ವರ್ಷ ಜನ ಸಾಯುವುದಕ್ಕೆಂದೇ ಹುಡುಕಿಕೊಂಡು ಬಂದ ಜಾಗ ಇದು. ಬಂಡೆಯ ಮೇಲೆ ಕೆತ್ತಿದ ಏಳನೇ ಶತಮಾನದ ಒಂದು ಪದ್ಯ ನನಗೆ ಬಾಯಿಗೆ ಬರುತ್ತದೆ. ನಂದಿಸೇನ ಅನ್ನುವ ಮುನಿಯದ್ದು. ಸಿರಿ, ರೂಪ, ಧನ ಇವೆಲ್ಲ ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್’ ತೋರಿ ಬೇಗ ಕರಗುತ್ತವೆ, ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ. ಈ ಭೂಮಿಯ ಮೇಲೆ ಇರುವುದನ್ನು ಮೆಚ್ಚೆ ಅಂದು ಸನ್ಯಸನ ಮಾಡಿ, ಅಂದರೆ ಆಹಾರ ಬಿಟ್ಟು ಸಾಯುವ ವ್ರತ ಹಿಡಿದು, ಅವನು ‘ದೇವಲೋಕಕ್ಕೆ ಸನ್ದಾನ್’. ಚಿಕ್ಕಮಗಳೂರಿನ ಕಡೆಯವರಿಗೆ ಮಂಜು ಬೇಗ ಕರಗುತ್ತದೆ ಅಂತ ಒಪ್ಪಿಸುವುದು ಕಷ್ಟ, ಆ ಮಾತು ಬೇರೆ.

ಗಮನಿಸಿ: ಸೇರಿದ್ದು ದೇವಲೋಕಕ್ಕೆ, ಮೋಕ್ಷಕ್ಕಲ್ಲ. ಈ ಕಾಲದಲ್ಲಿ ಇಲ್ಲಿಂದ ನೇರ ಮೋಕ್ಷ ಯಾರಿಗೂ ಇಲ್ಲ, ಜಂಬೂಸ್ವಾಮಿಗೇ ಕೊನೆ ಅನ್ನುವುದು ಜೈನರ ನಂಬಿಕೆ. ದೇವಲೋಕವೂ ಒಂದು ಜನ್ಮವೇ, ಅಲ್ಲಿನ ಆಯುಸ್ಸು ಮುಗಿದರೆ ಮತ್ತೆ ಹುಟ್ಟಬೇಕು. ಅಷ್ಟು ಕಠಿಣ ವ್ರತ ಹಿಡಿದ ಮುನಿಗೂ ಅವನ ಶಿಷ್ಯರು ಕಲ್ಲಿನಲ್ಲಿ ಒಂದು ಮೆಟ್ಟಿಲು ಹೆಚ್ಚು ಬರೆಯಲಿಲ್ಲ. ಅದೇ ಬೆಟ್ಟದ ಮೇಲೆ ರಾಷ್ಟ್ರಕೂಟರ ನಾಲ್ಕನೇ ಇಂದ್ರನ ಶಾಸನವಿದೆ. 982ರಲ್ಲಿ ಇದೇ ವ್ರತದಿಂದ, ಸಲ್ಲೇಖನ ಅನ್ನುತ್ತಾರೆ, ತೀರಿಕೊಂಡವನು. ಶಾಸನವೋ ಅವನ ಚೆಂಡಾಟದ ಕೈಚಳಕ ಹೊಗಳುವುದರಲ್ಲಿ ಮುಳುಗಿದೆ.

ನಾನು ಹೆಚ್ಚು ಹೊತ್ತು ಕೂರುವುದು ಶಾಂತಲೆ ಕಟ್ಟಿಸಿದ ಬಸದಿಯ ಹತ್ತಿರ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ತಾಯಿ ಜೈನಳು, ತಂದೆ ಮಾರಸಿಂಗಯ್ಯ ಶೈವ, ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದವನು. ಒಂದೇ ಮನೆಯಲ್ಲಿ ಸತ್ತ ಮೇಲೆ ಹೋಗುವ ಊರು ಮೂರು. ಅವರ ಮನೆಯ ತಿಥಿ ಕಾರ್ಡಿನಲ್ಲಿ ಏನು ಬರೆಸುತ್ತಿದ್ದರೋ!

ಸಲ್ಲೇಖನ ಅಂದರೆ ಆತ್ಮಹತ್ಯೆಯೇ ಅಲ್ವಾ?

ಜೈನರು ಖಂಡಿತ ಅಲ್ಲ ಅನ್ನುತ್ತಾರೆ. ಸಿಟ್ಟು, ದುಃಖ, ಆಸೆಯ ಆವೇಶದಲ್ಲಿ ಮಾಡಿಕೊಳ್ಳುವುದು ಆತ್ಮಹತ್ಯೆ. ಮುಪ್ಪು, ವಾಸಿಯಾಗದ ರೋಗ ಬಂದು ವ್ರತ ನಡೆಸುವುದೇ ಸಾಧ್ಯವಿಲ್ಲ ಅಂತಾದಾಗ ಗುರುವಿನ ಒಪ್ಪಿಗೆಯಿಂದ ಕಷಾಯಗಳನ್ನೂ (ಸಿಟ್ಟು, ಲೋಭದಂಥ ಮನಸ್ಸಿನ ಕೊಳೆಗಳನ್ನು ಅವರು ಹಾಗನ್ನುತ್ತಾರೆ) ಆಹಾರವನ್ನೂ ಸ್ವಲ್ಪಸ್ವಲ್ಪವಾಗಿ ಬಿಡುವುದು ಸಲ್ಲೇಖನ ಅನ್ನುವುದು ಅವರ ವಾದ. ಬೇಗ ಸಾಯಬೇಕು ಅಂತ ಬಯಸುವುದೇ ಆ ವ್ರತಕ್ಕೆ ದೋಷ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧ ಅಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮ ಗುಂಪಿನಲ್ಲೂ ಇದು ಇತ್ಯರ್ಥವಾಗಿಲ್ಲ.

ಸತ್ತವರು ಮತ್ತೆ ಹುಟ್ಟುತ್ತಾರೆ ಅಂತೀವಿ, ವರ್ಷಾವರ್ಷ ಎಡೆನೂ ಇಡ್ತೀವಿ. ಎರಡೂ ಹೇಗೆ ಸರಿ?

ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅಜ್ಜ ಈಗಾಗಲೇ ಎಲ್ಲೋ ಮಗುವಾಗಿ ಹುಟ್ಟಿದ್ದರೆ ಮಹಾಲಯ ಅಮಾವಾಸ್ಯೆಗೆ ನಾವು ಇಟ್ಟ ಮುದ್ದೆ ಸಾರು ಯಾರಿಗೆ?

ಇಲ್ಲಿ ಎರಡು ಹಳೆಯ ನಂಬಿಕೆಗಳು ಒಂದರ ಮೇಲೊಂದು ಕೂತಿವೆ. ಋಗ್ವೇದದಲ್ಲಿ ಯಮ ಮೊದಲು ಸತ್ತ ಮನುಷ್ಯ, ಮುಂದೆ ಸತ್ತವರಿಗೆಲ್ಲ ದಾರಿ ತೋರಿಸಿದವನು. ಪಿತೃಗಳು ಅವನ ಜೊತೆ ಅಲ್ಲೇ ಇರುತ್ತಾರೆ. ಮತ್ತೆ ಹುಟ್ಟುವ ಮಾತು ಸ್ಪಷ್ಟವಾಗಿ ಬರುವುದು ಉಪನಿಷತ್ತುಗಳಲ್ಲಿ. ಹೊಸದು ಬಂತು ಅಂತ ಹಳೆಯದನ್ನು ಯಾರೂ ಎಸೆಯಲಿಲ್ಲ. ನಮ್ಮ ಹಳ್ಳಿ ಮನೆಗಳಲ್ಲಿ ಗ್ಯಾಸ್ ಬಂದ ಮೇಲೂ ಹಿತ್ತಲಲ್ಲಿ ಒಲೆ ಉಳಿದ ಹಾಗೆ. ಪುರಾಣಗಳಿಗೆ ಈ ತೊಡಕು ಗೊತ್ತಿತ್ತು, ಉತ್ತರವನ್ನೂ ಕೊಟ್ಟಿವೆ: ಹೆಸರು ಗೋತ್ರ ಹೇಳಿ ಕೊಟ್ಟದ್ದು ಅವರು ಎಲ್ಲಿದ್ದರೂ ತಲುಪುತ್ತದೆ, ದೇವರಾಗಿದ್ದರೆ ಅಮೃತವಾಗಿ, ಹಸುವಾಗಿದ್ದರೆ ಹುಲ್ಲಾಗಿ. ಮನಿ ಆರ್ಡರ್ ಇದ್ದ ಹಾಗೆ ಅಂತ ನಮ್ಮಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್ ಹೇಳಿದ್ದು ಎಲ್ಲರಿಗೂ ಹಿಡಿಸಿತು.

ಜೈನರಿಗೆ ಈ ತಾಪತ್ರಯವೇ ಇಲ್ಲ. ಸಾವಿಗೂ ಮುಂದಿನ ಹುಟ್ಟಿಗೂ ನಡುವೆ ಹೆಚ್ಚೆಂದರೆ ಒಂದೆರಡು ಮೂರು ‘ಸಮಯ’. ಅದು ಅವರ ಲೆಕ್ಕದಲ್ಲಿ ಕಾಲದ ಅತಿ ಸಣ್ಣ ಅಳತೆ, ಕಣ್ಣು ಮಿಟುಕಿಸುವಷ್ಟೂ ಅಲ್ಲ. ಪ್ರೇತವಾಗಿ ಅಲೆಯಲು ಬಿಡುವೇ ಇಲ್ಲದವನಿಗೆ ಪಿಂಡ ಎಲ್ಲಿ ಇಡುವುದು? ಟಿಬೆಟಿನ ಬೌದ್ಧರು ನಡುವಿನ ಸ್ಥಿತಿಗೆ 49 ದಿನದವರೆಗೂ ಕೊಡುತ್ತಾರೆ. ಪರಲೋಕವನ್ನೇ ಒಪ್ಪದ ಚಾರ್ವಾಕರದ್ದು ಇನ್ನೂ ಖಾರ: ಇಲ್ಲಿ ಬಡಿಸಿದ್ದು ಸತ್ತವನ ಹೊಟ್ಟೆ ತುಂಬಿಸುವುದಾದರೆ, ಪ್ರಯಾಣ ಹೊರಟವನಿಗೆ ಬುತ್ತಿ ಯಾಕೆ ಕಟ್ಟುತ್ತೀರಿ, ಮನೆಯಲ್ಲೇ ಬಡಿಸಿಬಿಡಿ! ಈ ವಾದ ನಮಗೆ ಉಳಿದುಬಂದದ್ದು ಸರ್ವದರ್ಶನಸಂಗ್ರಹದಲ್ಲಿ. ಅದನ್ನು ಬರೆದವರು ಶೃಂಗೇರಿ ಪೀಠದ ವಿದ್ಯಾರಣ್ಯರು ಅನ್ನುತ್ತದೆ ಪರಂಪರೆ. ನಾಸ್ತಿಕನ ಮಾತನ್ನು ಮೊದಲನೇ ಅಧ್ಯಾಯದಲ್ಲೇ ಇಟ್ಟು ಕಾಪಾಡಿದ ಆ ಪುಸ್ತಕದ ಮೇಲೆ ನನಗೆ ವಿಶೇಷ ಪ್ರೀತಿ.

ಆದರೆ ಎಡೆಯ ಮುಂದೆ ನಿಂತಾಗ ಇದ್ಯಾವುದೂ ತಲೆಯಲ್ಲಿರುವುದಿಲ್ಲ. ತಾತನ ಹಾಲುತುಪ್ಪದ ದಿನ ಹೊಲದಲ್ಲಿ ಎಡೆ ಇಟ್ಟು ದೂರ ನಿಂತೆವು. ಹಲಸಿನ ಮರದ ಮೇಲೆ ಕಾಗೆ ಇದೆ, ಇಳಿಯುತ್ತಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಾಕಿ ಇದ್ದ ಸಾಲ ತೀರಿಸ್ತೀವಿ ಅಂತ ಚಿಕ್ಕಪ್ಪ ಗಟ್ಟಿಯಾಗಿ ಹೇಳಿದರು. ಕಾಗೆ ಕತ್ತು ತಿರುಗಿಸಿತು ಅಷ್ಟೇ. ಆಗ ಸೋದರತ್ತೆ ಎಡೆ ನೋಡಿ, ‘ಅಯ್ಯೋ, ಅಪ್ಪಯ್ಯಂಗೆ ಕಾಫಿ ಎಲ್ರೋ ಇಟ್ಟಿದೀರಾ?’ ಅಂದರು. ಬೈಕಿನಲ್ಲಿ ಒಬ್ಬನನ್ನು ಓಡಿಸಿ ಮನೆಯಿಂದ ಫ್ಲಾಸ್ಕಿನಲ್ಲಿ ತರಿಸಿ, ತಾತನ ಹಿತ್ತಾಳೆ ಲೋಟಕ್ಕೇ ಬಗ್ಗಿಸಿ ಇಟ್ಟರು. ಕಾಗೆ ಇಳಿಯಿತು, ವಡೆ ಕಚ್ಚಿಕೊಂಡು ಹಾರಿತು. ಕಾಫಿ ಮುಟ್ಟಲಿಲ್ಲ. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಲಿಂಗಾಯತರಲ್ಲಿ ಸ್ವರ್ಗ ನರಕ ಇಲ್ಲವಾ?

ವಚನ ಓದಿದರೆ, ಸತ್ತು ಹೋಗುವ ಜಾಗವಾಗಿ ಇಲ್ಲ. ಆಚಾರವೇ ಸ್ವರ್ಗ, ಅನಾಚಾರವೇ ನರಕ ಅಂದುಬಿಟ್ಟರು ಬಸವಣ್ಣ. ಐಕ್ಯ ಅನ್ನುವುದು ಷಟ್‌ಸ್ಥಲದ, ಅಂದರೆ ಸಾಧನೆಯ ಆರು ಮೆಟ್ಟಿಲುಗಳ, ಕೊನೆಯ ಸ್ಥಲ, ಬದುಕಿದ್ದಾಗಲೇ ಸಾಧಿಸಬೇಕಾದದ್ದು. ಪೇಪರಿನಲ್ಲಿ ಅದು ಸಾವಿನ ಪರ್ಯಾಯ ಪದವಾಗಿ ಸವೆದುಹೋಗಿದೆ. ಶರೀರವನ್ನು ಕೂರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿಯ ಕ್ರಿಯಾಗಟ್ಟಿಗಳೊಂದಿಗೆ ಸಮಾಧಿ ಮಾಡುವುದನ್ನು ಹತ್ತಿರದಿಂದ ನೋಡಿದರೆ, ಎಲ್ಲಿಗೋ ಕಳಿಸಿಕೊಡುತ್ತಿದ್ದಾರೆ ಅನ್ನಿಸುವುದಿಲ್ಲ, ಪೂಜೆಗೆ ಕೂರಿಸಿದ್ದಾರೆ ಅನ್ನಿಸುತ್ತದೆ. ಸೂತಕವಿಲ್ಲ ಅನ್ನುವುದು ತತ್ವ. ಪಾಲಿಸುವ ಮನೆಗಳೂ ಇವೆ, ಹನ್ನೊಂದು ದಿನ ದೇವಸ್ಥಾನಕ್ಕೆ ಹೋಗದ ಮನೆಗಳೂ ಇವೆ.

ಶೃಂಗೇರಿ, ಉಡುಪಿ, ಮೇಲುಕೋಟೆ ಮೂವರೂ ವೇದಾಂತಿಗಳೇ. ಮುಕ್ತಿಯಲ್ಲಿ ವ್ಯತ್ಯಾಸ ಏನು?

ಚಿಕ್ಕದಾಗಿ ಹೇಳಿದರೆ ಮೂವರೂ ಬೈಯುತ್ತಾರೆ, ಆದರೂ: ಶೃಂಗೇರಿಯ ಅದ್ವೈತದಲ್ಲಿ ಜ್ಞಾನಿ ಸತ್ತರೆ ಎಲ್ಲಿಗೂ ಹೋಗುವುದಿಲ್ಲ, ಅವನ ಪ್ರಾಣಗಳು ಹೊರಡುವುದೇ ಇಲ್ಲ ಅನ್ನುತ್ತದೆ ಬೃಹದಾರಣ್ಯಕ. ಮೇಲುಕೋಟೆಯ ಶ್ರೀವೈಷ್ಣವನಿಗೆ ಅರ್ಚಿರಾದಿ ಅನ್ನುವ ಬೆಳಕಿನ ಮಾರ್ಗದಲ್ಲಿ ವೈಕುಂಠದವರೆಗೆ ದೊಡ್ಡ ಪ್ರಯಾಣವಿದೆ, ಅಲ್ಲಿ ನಿತ್ಯ ಕೈಂಕರ್ಯ, ಅಂದರೆ ದೇವರ ಸೇವೆ ಇದೆ. ಉಡುಪಿಯ ಮಾಧ್ವರಲ್ಲಿ ಮುಕ್ತಿಯಲ್ಲೂ ಆನಂದದ ತಾರತಮ್ಯ ಹೋಗುವುದಿಲ್ಲ, ಕೆಲವು ಜೀವಗಳಿಗೆ ಮುಕ್ತಿಯ ಯೋಗ್ಯತೆಯೇ ಇಲ್ಲ, ತಮಸ್ಸೇ, ಅಂದರೆ ಕತ್ತಲ ಲೋಕವೇ ಶಾಶ್ವತ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟದ್ದು ಅಂತ ಹೇಳುವ ಬಂಡೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಳಸದ ಅಂಬುತೀರ್ಥದಲ್ಲಿದೆ. ಅವರ ಈ ಸಿದ್ಧಾಂತ ಆ ಬಂಡೆಯಷ್ಟೇ ಗಟ್ಟಿ, ನನಗೆ ಅಷ್ಟೇ ಭಾರ.

ಮುಸ್ಲಿಮರು, ಕ್ರೈಸ್ತರು ಪುನರ್ಜನ್ಮ ಒಪ್ಪಲ್ಲ. ಹಾಗಾದ್ರೆ ಕೊನೆಯ ತೀರ್ಪಿನ ದಿನದವರೆಗೆ ಸತ್ತವರು ಎಲ್ಲಿರ್ತಾರೆ?

ಇಸ್ಲಾಮಿನಲ್ಲಿ ಆ ನಡುಗಾಲಕ್ಕೆ ಬರ್ಝಖ್ ಅನ್ನುತ್ತಾರೆ. ಮಣ್ಣು ಮುಚ್ಚಿ ಜನ ಹಿಂದಿರುಗಿದ ಮೇಲೆ ಮುನ್ಕರ್, ನಕೀರ್ ಎಂಬ ಇಬ್ಬರು ದೇವದೂತರು ಬಂದು, ನಿನ್ನ ಒಡೆಯ ಯಾರು ಅಂತ ಕೇಳುತ್ತಾರೆ. ತೀರ್ಪು ಕಿಯಾಮತ್ ದಿನ. ಸತ್ತವರ ಲೆಕ್ಕಕ್ಕೆ ಪುಣ್ಯ ಸೇರುತ್ತಲೇ ಇರುವ ದಾರಿ ಮೂರು: ಅವರು ಬಿಟ್ಟುಹೋದ ನಿರಂತರ ದಾನ, ಜನಕ್ಕೆ ಉಪಯೋಗವಾಗುವ ಜ್ಞಾನ, ಅವರಿಗಾಗಿ ಪ್ರಾರ್ಥಿಸುವ ಒಳ್ಳೆಯ ಮಕ್ಕಳು. ಇದನ್ನು ನಮಗೆ ಹೇಳಿದ ಗೆಳೆಯರು, ತಮ್ಮ ತಂದೆ ತೋಡಿಸಿದ ಬಾವಿಯಲ್ಲಿ ಯಾರಾದರೂ ನೀರು ಸೇದುವ ಸದ್ದು ಕೇಳಿದರೆ ಈಗಲೂ ಸಮಾಧಾನ ಅಂದರು. ಸೂಫಿ ಸಂತರ ಪುಣ್ಯತಿಥಿಗೆ ಉರುಸ್ ಅಂತ ಹೆಸರು, ಅಂದರೆ ಮದುವೆ.

ಕ್ರೈಸ್ತರಲ್ಲಿ ಕಥೊಲಿಕರು ಸ್ವರ್ಗಕ್ಕೆ ಮೊದಲು ಪಾಪದ ಕೊಳೆ ತೊಳೆಯುವ ಶುದ್ಧೀಕರಣ ಸ್ಥಳವನ್ನು ಒಪ್ಪುತ್ತಾರೆ. ನವೆಂಬರ್ 2ರಂದು ಸಮಾಧಿಗಳಿಗೆ ಹೂವು ಮೇಣದಬತ್ತಿ ಇಟ್ಟು ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟೆಂಟರು ಆ ಸ್ಥಳವನ್ನು ಒಪ್ಪುವುದಿಲ್ಲ. ದೇಹವೇ ಮತ್ತೆ ಏಳುತ್ತದೆ ಅನ್ನುವುದು ಇಬ್ಬರಿಗೂ ಮುಖ್ಯ, ಹೂಳುವ ರೂಢಿ ಅದರಿಂದಲೇ ಗಟ್ಟಿಯಾದದ್ದು. ಕಥೊಲಿಕ ಸಭೆ ದಹನಕ್ಕೆ ಒಪ್ಪಿಗೆ ಕೊಟ್ಟದ್ದು 1963ರಲ್ಲಿ.

ದೆವ್ವ?

ಓದಿದ್ದೇವೆ, ಯಾರೂ ನೋಡಿಲ್ಲ. ಆದರೆ ಘಟ್ಟದ ಕೆಳಗಿನ ತುಳುನಾಡಿನ ಪ್ರೇತ ಮದುವೆಯ ವಿಷಯ ಓದಿದ ದಿನ ನಮ್ಮಲ್ಲಿ ಯಾರೂ ಬೇಗ ಏಳಲಿಲ್ಲ. ಚಿಕ್ಕಂದಿನಲ್ಲೇ ಸತ್ತ ಮಕ್ಕಳು ಅಲ್ಲಿ ಬೆಳೆಯುತ್ತಾರೆ, ವಯಸ್ಸಿಗೆ ಬಂದಾಗ ಅಂಥದ್ದೇ ಇನ್ನೊಂದು ಮನೆಯ ಸತ್ತ ಮಗುವನ್ನು ಹುಡುಕಿ, ಎರಡು ಮನೆಯವರು ಕೂತು ಮಾತಾಡಿ, ಸೀರೆ ಪಂಚೆ ಇಟ್ಟು ಮದುವೆ ಮಾಡಿಸುತ್ತಾರೆ. ಮಗು ಕಳೆದುಕೊಂಡ ತಾಯಿ ಅದರ ವಯಸ್ಸನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾಳೆ. ಆ ಲೆಕ್ಕವನ್ನು ಊರೇ ಒಪ್ಪಿಕೊಂಡ ಹಾಗೆ ಇದು.

ವಿಜ್ಞಾನ ಏನು ಹೇಳುತ್ತೆ?

ಮಿದುಳು ನಿಂತ ಮೇಲೆ ಅರಿವು ಉಳಿಯುತ್ತದೆ ಅನ್ನುವುದಕ್ಕೆ ಒಪ್ಪಿತವಾದ ಪುರಾವೆಯಿಲ್ಲ. ಹುಡುಕಿದವರಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್, ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಜೊತೆಯಾಗಿ, ಸತ್ತು ಬದುಕಿದೆವು ಅನ್ನುವ ಭಾರತೀಯರ ಅನುಭವಗಳನ್ನು 1986ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯರು ಸುರಂಗ, ಬೆಳಕು ಅಂದರೆ, ನಮ್ಮವರು ಹೇಳಿದ್ದು ಬೇರೆ: ಯಮದೂತರು ಎಳೆದುಕೊಂಡು ಹೋದರು, ಅಲ್ಲಿ ಪುಸ್ತಕ ಹಿಡಿದವನು ನೋಡಿ ‘ಇವನಲ್ಲ, ಬೇರೆಯವನು’ ಅಂದ, ವಾಪಸ್ ಕಳಿಸಿದರು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರಲ್ಲಿ ನಂಬದಿರುವಂಥದ್ದು ಏನೂ ಕಾಣುವುದಿಲ್ಲ. ನಮಗೆ ಇದು ಮುಖ್ಯವಾದದ್ದು ಯಾಕೆಂದರೆ, ಸಾವಿನ ಅಂಚಿಗೆ ಹೋದವರೂ ತಾವು ಕೇಳಿ ಬೆಳೆದ ಕತೆಯನ್ನೇ ಕಂಡು ಬರುತ್ತಾರೆ.

ಕೊನೆಗೆ ಎಲ್ಲರೂ ಹೇಳೋದು ಒಂದೇ ಅಲ್ವಾ?

ಅಲ್ಲ. ಇದೊಂದಕ್ಕೆ ನಾನು ಜಗಳಕ್ಕೂ ತಯಾರು. ಒಬ್ಬರಿಗೆ ಒಂದೇ ಜನ್ಮ, ಒಬ್ಬರಿಗೆ ಲೆಕ್ಕವಿಲ್ಲದಷ್ಟು. ಒಬ್ಬರಿಗೆ ನರಕ ಶಾಶ್ವತ, ಒಬ್ಬರಿಗೆ ಸ್ವರ್ಗವೇ ಶಾಶ್ವತವಲ್ಲ. ಒಬ್ಬರಿಗೆ ಆತ್ಮ ಉಂಟು, ಬುದ್ಧನಿಗೆ ಇಲ್ಲ. ಎಲ್ಲ ಒಂದೇ ಅನ್ನುವವರು ಸಾಮಾನ್ಯವಾಗಿ ತಮ್ಮದನ್ನೇ ಎಲ್ಲರ ಬಾಯಿಗೂ ತುರುಕಿರುತ್ತಾರೆ. ನನ್ನ ಚಿಕ್ಕಪ್ಪನಿಗೆ ಆ ಕಾರ್ಡು ತಪ್ಪು ಅನ್ನಿಸಿದ್ದು ಸರಿಯೇ. ಅಜ್ಜಿ ಬಿಡು ಅಂದದ್ದೂ ಸರಿ, ಆದರೆ ಅವಳು ಎರಡೂ ಒಂದೇ ಅನ್ನಲಿಲ್ಲ, ಎಲ್ಲಿದ್ದರೂ ಅಂದಳು.

ಮನೆಯಲ್ಲಿ ಈಗಷ್ಟೇ ಸಾವಾಗಿದೆ. ಬರಬಹುದಾ?

ಬನ್ನಿ. ಓದಲೇಬೇಕು ಅಂತಿಲ್ಲ, ಸುಮ್ಮನೆ ಕೂತಿದ್ದು ಹೋಗಿ. ಒಮ್ಮೆ ಪಕ್ಕದ ಬೀದಿಯ ಸಾವಿನ ಮನೆಯಲ್ಲಿ, ಹದಿನಾರು ವರ್ಷದ ಮಗನನ್ನು ಕಳೆದುಕೊಂಡವರ ಮುಂದೆ, ಕಠೋಪನಿಷತ್ತಿನ ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಕಾದದ್ದನ್ನು ನಾನು ವಿವರಿಸತೊಡಗಿದೆ. ಆ ಮನೆಯ ಹಿರಿಯರು, ‘ಅವನು ವಾಪಸ್ ಬಂದ ಅಲ್ವೇನಪ್ಪ’ ಅಂದರು. ನಾನು ಚಪ್ಪಲಿ ಹಾಕಿಕೊಂಡು ಎದ್ದುಬಂದೆ. ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ: ಕೇಳದೆ ಯಾರಿಗೂ ಏನೂ ಓದಿ ಹೇಳುವುದಿಲ್ಲ.

ಚಂದ್ರಗಿರಿಗೆ ಯಾವಾಗ ಹೋದರೆ ಒಳ್ಳೆಯದು?

ಬೆಳಗ್ಗೆ ಬೇಗ. ಚಪ್ಪಲಿ ಕೆಳಗೇ ಬಿಡಬೇಕು, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಅದಕ್ಕಿಂತ ಮುಖ್ಯ, ನೆತ್ತಿಯ ಬಿಸಿಲಲ್ಲಿ ಹಳೆಯ ಅಕ್ಷರಗಳು ಕಲ್ಲಿನಲ್ಲೇ ಇಂಗಿಹೋಗುತ್ತವೆ; ಓರೆ ಬಿಸಿಲು ಬಿದ್ದಾಗ ಒಂದೊಂದಾಗಿ ಎದ್ದು ಕಾಣುತ್ತವೆ. ನೀರಿನ ಬಾಟಲಿ ತನ್ನಿ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸಿ.